ಹನ್ನೊಂದು ತಿಂಗಳ ಅನ್ನ

ಹೊನ್ನಾವರಕ್ಕೆ ಹೊರಟ ದಿನ ಅವ್ವ ಮೂವತ್ತು ಕಡಕ್ ರೊಟ್ಟಿಗಳನ್ನು ಬಿಳಿ ಅರಿವೆಯಲ್ಲಿ ಗಂಟು ಕಟ್ಟಿ, ಮೇಲೊಂದು ಡಬ್ಬಿ ಶೇಂಗಾ ಹಿಂಡಿ ಇಟ್ಟಳು. “ನಾಕು ದಿನಕ್ಕ ಇಷ್ಟ್ಯಾಕವ್ವ?” ಅಂದೆ. “ಸಮುದ್ರದ ಕಡಿ ಮಂದಿ ಮೂರೊತ್ತೂ ಅನ್ನಾನ ಉಣ್ತಾರಂತ. ನಿನ್ನ ಹೊಟ್ಟಿಗೆ ಅದು ತಡಿಯಂಗಿಲ್ಲ” ಅಂದಳು.

ಮಲ್ಲಟದ ನಮಗೆ ನೀರೆಂದರೆ ತುಂಗಭದ್ರೆಯ ಎಡದಂಡೆ ಕಾಲುವೆ. ಮೇಲೆ ಬಿಟ್ಟ ನೀರು ಕೆಳಗಿನ ಹೊಲಕ್ಕೆ ಯಾವಾಗ ಬಂದೀತು ಎಂದು ಕಾಯುವುದೇ ನಮ್ಮ ಜಲಕ್ರೀಡೆ. ದೇವದುರ್ಗದ ಕಡೆ ಕೃಷ್ಣೆಯಲ್ಲಿ ಬುಟ್ಟಿಯಂಥ ತೆಪ್ಪ ಹತ್ತಿದ್ದುಂಟು. ಅದು ತನ್ನಷ್ಟಕ್ಕೆ ಗಿರಗಿರ ತಿರುಗಿದರೂ ದಡ ಮುಟ್ಟಿಸುತ್ತದೆ. ಶರಾವತಿಯ ಹಿನ್ನೀರಿನಲ್ಲಿ ನನ್ನನ್ನು ಕೂರಿಸಿದ್ದು ಸೌತೆಕಾಯಿಯಂಥ ಕಯಾಕ್‌ನಲ್ಲಿ. ಕೈಗೆ ಎರಡೂ ತುದಿಗೆ ಅಲಗಿರುವ ಹುಟ್ಟು. ಎತ್ತಿನ ಹಗ್ಗ ಎಡಕ್ಕೆ ಜಗ್ಗಿದರೆ ಎತ್ತು ಎಡಕ್ಕೇ ತಿರುಗುತ್ತದೆ. ಇಲ್ಲಿ ಎಡಗಡೆ ಎಳೆದರೆ ಮೂತಿ ಬಲಕ್ಕೆ! “ಅಣ್ಣ, ನೀರಿಗೆ ಹೊಡೀಬೇಡಿ, ಎಳೀರಿ” ಎಂದು ಹುಡುಗ ಕೂಗುತ್ತಲೇ ಇದ್ದ. ನಾನು ಕಾಂಡ್ಲಾ ಗಿಡಗಳ ಬೇರಿನೊಳಗೆ ನುಗ್ಗಿ, ಅಲ್ಲಿ ಕೂತಿದ್ದ ಒಂದು ಬೆಳ್ಳಕ್ಕಿಗೆ ಜಾಗ ಬಿಡಿಸಿದ ಮೇಲೆಯೇ ನಿಂತದ್ದು.

ಸಂಜೆ ಕಾಸರಕೋಡು ಕಡಲತೀರ. 2020ರಲ್ಲಿ ಪಡುಬಿದ್ರಿಯ ಜೊತೆಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ತೀರವಿದು. ತೆರೆಗಳಲ್ಲಿ ಬಿದ್ದೆದ್ದು ಹಸಿದು ಬಂದು ಗಂಟು ಬಿಚ್ಚಿದರೆ, ಮುರಿದಾಗ ಹಪ್ಪಳದಂತೆ ಸದ್ದು ಮಾಡುತ್ತಿದ್ದ ರೊಟ್ಟಿ ಈಗ ಒದ್ದೆ ಕರವಸ್ತ್ರದ ಹಾಗೆ ಕೈಯಿಂದ ಇಳಿಬಿದ್ದಿತು. ಕಡಲಗಾಳಿ ಒಂದೇ ದಿನದಲ್ಲಿ ಅದರ ಖಡಕ್ಕನ್ನೆಲ್ಲ ಕುಡಿದಿತ್ತು. ಮುಂದಿನ ಮೂರು ದಿನ ಅನ್ನವೇ ಗತಿ. ಮೀನಿನ ಸಾರು ಸೊಗಸಾಗಿತ್ತು, ಹೊಟ್ಟೆಯೂ ತುಂಬುತ್ತಿತ್ತು. ಆದರೂ ಊಟ ಮುಗಿಯಿತು ಅನ್ನಿಸುತ್ತಿರಲಿಲ್ಲ.

ಆಗ ನೆನಪಾದವನು ಇಬ್ನ್ ಬತೂತ. ಮೊರಾಕ್ಕೊದ ಕಡಲೂರು ಟಾಂಜಿಯರ್‌ನಲ್ಲಿ 1304ರಲ್ಲಿ ಹುಟ್ಟಿದವನು, ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟು ಈ ಹೊನ್ನಾವರಕ್ಕೆ ಬಂದಿದ್ದ. ಊರಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆ ಕಂಡೆನೆಂದು ಬರೆಸಿದ್ದಾನೆ. ಅನ್ನ, ತುಪ್ಪ, ಉಪ್ಪಿನಕಾಯಿ, ಕೊನೆಗೆ ಮೊಸರು ಬಡಿಸಿದ ಕ್ರಮವನ್ನೂ ಬಿಟ್ಟಿಲ್ಲ. ಜೊತೆಗೊಂದು ಗೋಳು: ಇಲ್ಲಿಯ ದೊರೆಯ ಹತ್ತಿರ ಹನ್ನೊಂದು ತಿಂಗಳು ರೊಟ್ಟಿಯ ಮುಖ ನೋಡದೆ ಕಳೆದನಂತೆ. ಮಲಬಾರು, ಸಿಂಹಳ, ಮಾಲ್ಡೀವ್ಸ್ ತಿರುಗುವಷ್ಟರಲ್ಲಿ, ನೀರು ಕುಡಿಯದೆ ಅನ್ನ ಗಂಟಲಲ್ಲಿ ಇಳಿಯದ ಹಾಗಾಯಿತಂತೆ. ಲೋಕವನ್ನೇ ಸುತ್ತಿದವನ ನಾಲಿಗೆ ಮಾತ್ರ ತನ್ನೂರಿನ ಒಲೆಯ ಮುಂದೆಯೇ ಕೂತಿತ್ತು.

ಊರಿಗೆ ಬಂದ ರಾತ್ರಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಮುಂದೆ ಕೂತು ಅವನ ಕಥೆ ಹೇಳಿದೆ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದ ಕೈ ನಿಂತಿತು.

“ಹನ್ನೊಂದು ತಿಂಗಳಾ? ಪಾಪ, ಯಾವ ತಾಯಿ ಮಗನೋ! ಆಮ್ಯಾಲರ ಮನಿಗೆ ಹೋಗಿ ಉಂಡನಿಲ್ಲೋ?”

ಅವನು ಊರಿಗೆ ಮರಳಿದ್ದು 1349ರಲ್ಲಿ. ಅಷ್ಟರಲ್ಲಿ ಅವನ ತಾಯಿ ಪ್ಲೇಗಿನಲ್ಲಿ ತೀರಿಹೋಗಿದ್ದಳು. ದಾರಿಯಲ್ಲೇ ಸುದ್ದಿ ಸಿಕ್ಕಿತ್ತು.

“ಹೋದನವ್ವ” ಅಂದೆ. ಅವ್ವ ಬಿಸಿ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.