ಎದ್ದು ನಿಲ್ಲುವ ಲಾರಿ

ನಮ್ಮಿಬ್ಬರು ಅಣ್ಣತಮ್ಮಂದಿರ ಹುಚ್ಚು ಶುರುವಾಗಿದ್ದು ಊರ ಜಾತ್ರೆಯಲ್ಲಿ ಅಪ್ಪ ಕೊಡಿಸಿದ ಕೆಂಪು ಲಾರಿಯಿಂದ. ಮಡಚಿ ತಿರುಗಿಸಿದರೆ ಅದು ರೋಬೋ ಆಗಿ ಎದ್ದು ನಿಲ್ಲುತ್ತಿತ್ತು. ಜಪಾನಿನ ತಕಾರಾ ಕಂಪನಿಯ ಇಂಥ ಆಟಿಕೆಗಳನ್ನೇ ಅಮೆರಿಕದ ಹಾಸ್‌ಬ್ರೊ 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಹೆಸರಲ್ಲಿ ಮಾರಿತ್ತು, ನಮ್ಮದು ಅದರ ನಕಲು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಈಗ ದುಡ್ಡು ಉಳಿಸಿ ಅಸಲಿ ತರಿಸುತ್ತೇವೆ. ಸಂಕಟವೂ ಇದೆ. ಕೀಲು ಸಡಿಲವಾದರೆ ನಿಲ್ಲುವುದಿಲ್ಲ, ಬಿಗಿಯಾದರೆ ಮುರಿಯುತ್ತದೆ. ಬೆರಳುದ್ದದ ಬಂದೂಕು ಕಸದ ಜೊತೆ ಗುಡಿಸಿ ಹೋಗುತ್ತದೆ. ಕೆಲವು ಹಳೆಯವುಗಳ ಚಿನ್ನದ ಬಣ್ಣ ಬೆರೆಸಿದ ಪ್ಲಾಸ್ಟಿಕ್ ಹಪ್ಪಳದಂತೆ ಪುಡಿಯಾಗುತ್ತದೆ.

ಹೆದರಿ ಎಲ್ಲವನ್ನೂ ಶೋಕೇಸಿನಲ್ಲಿಟ್ಟು ಬೀಗ ಹಾಕಿದ್ದೆವು. ಮೊನ್ನೆ ಅಕ್ಕನ ಮಗ ಕೇಳಿದ: “ಮಾಮ, ಇವು ಬದಲಾಗಲ್ವಾ?”

ಬೀಗ ತೆಗೆದೆವು. ಒಂದರ ಕೈ ಮುರಿಯಿತು. ಫೆವಿಕ್ವಿಕ್ ಹಾಕಿದ್ದೇವೆ. ಬೀಗ ಮಾತ್ರ ಮತ್ತೆ ಹಾಕಿಲ್ಲ.