ಹದಿನೈದರ ಚಾಲಕರ ಅಂಗಳ

ದೀಪಾವಳಿ ಕಳೆದರೆ ಶಿಕಾರಿಪುರ, ಸೊರಬದ ಹಳ್ಳಿಗಳಲ್ಲಿ ಹೋರಿ ಹಬ್ಬದ ಕಾಲ. ಕೊಬ್ಬರಿ ಕಟ್ಟಿದ ಹೋರಿಗಳ ಓಟ ನೋಡುತ್ತಾ ಬೆಳೆದ ಹುಡುಗರಿಗೆ ವೇಗದ ಮೋಹ ಹೊಸದೇನಲ್ಲ. ಎಂಜಿನ್ನಿನ ಓಟ ನೋಡಬೇಕೆಂದರೆ ಮಾತ್ರ ಶಿವಮೊಗ್ಗ, ಬೆಂಗಳೂರು ದಾಟಿ ಚೆನ್ನೈ ಹೆದ್ದಾರಿ ಹಿಡಿಯಬೇಕು. ಚೆನ್ನೈ ಇನ್ನೂ ಸುಮಾರು 40 ಕಿ.ಮೀ. ಇರುವಾಗ, ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈ ಸಿಗುತ್ತದೆ.

1990ರಲ್ಲಿ ಆರಂಭವಾದ ಇಲ್ಲಿನ ಟ್ರ್ಯಾಕಿನ ಉದ್ದ 3.7 ಕಿ.ಮೀ.; ತಿರುವುಗಳು 12. ಭಾರತೀಯ ಫಾರ್ಮುಲಾ 4 ಚಾಂಪಿಯನ್‌ಷಿಪ್‌ನ ಮೊದಲ ಋತು 2023ರಲ್ಲಿ ನಡೆದಾಗ ಕಿರಿಯರು ಓಡಿದ್ದು ಇಲ್ಲೇ. ಒಬ್ಬರೇ ಕೂರಬಹುದಾದ ಪುಟ್ಟ ಕಾರು. ಚಕ್ರಗಳು ಹೊರಗೆ, ಚಾಲಕನ ತಲೆಯ ಸುತ್ತ ರಕ್ಷಣೆಗೆ ಗಟ್ಟಿ ಕಮಾನು. ಕಾರ್ಟಿಂಗ್, ಫಾರ್ಮುಲಾ 4 ಎಂದು ಒಂದೊಂದೇ ಮೆಟ್ಟಿಲೇರಿದ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು.

ಫಾರ್ಮುಲಾ 4ರಲ್ಲಿ ಸ್ಪರ್ಧಿಸಲು 15 ವರ್ಷ ತುಂಬಿದ್ದರೆ ಸಾಕು. ಅದೇ ಹುಡುಗ ಶಿಕಾರಿಪುರದ ರಸ್ತೆಯಲ್ಲಿ ಗೇರಿನ ಬೈಕು ಓಡಿಸಲು 18ರವರೆಗೆ ಕಾಯಬೇಕು. ಇದರಲ್ಲಿ ವಿಚಿತ್ರವೇನಿಲ್ಲ. ಟ್ರ್ಯಾಕಿನಲ್ಲಿ ಎದುರಿಗೆ ಬಸ್ಸು ಬರುವುದಿಲ್ಲ, ದನಕರು ಅಡ್ಡ ನುಗ್ಗುವುದಿಲ್ಲ. ರೇಸಿಂಗ್ ಲೈಸೆನ್ಸ್ ಇಲ್ಲದೆ ಕಾರು ಹತ್ತಿಸುವುದಿಲ್ಲ. ಬಾವುಟ ಹಿಡಿದ ಮಾರ್ಷಲ್‌ಗಳೂ ಆಂಬುಲೆನ್ಸೂ ಸಿದ್ಧವಿರುತ್ತವೆ. ರಸ್ತೆಯಲ್ಲಿ ಇದಾವುದೂ ಇಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ.

ಬೈಕಿನ ಕೀಲಿಗಾಗಿ ಮಗ ಹಟ ಹಿಡಿದರೆ, ಮುಂದಿನ ಋತು ಶುರುವಾದಾಗ ಒಮ್ಮೆ ಅಲ್ಲಿಗೆ ಕರೆದೊಯ್ಯಬಹುದು. ಅಷ್ಟು ವೇಗಕ್ಕೆ ಎಷ್ಟು ಸಿದ್ಧತೆ ಬೇಕೆಂಬುದನ್ನು ಅವನೇ ನೋಡಿ ತಿಳಿಯಲಿ.