ತಳದ ದನಿಯ ಬೆನ್ನು ಹತ್ತಿ

ವಯಸ್ಸಾಗುತ್ತ ಬಂದಂತೆ ಮನುಷ್ಯನ ಕಿವಿ ಮೊದಲು ಬಿಟ್ಟುಕೊಡುವುದು ಮೇಲಿನ ದನಿಗಳನ್ನು. ಎಳೆಯ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಸದ್ದು ಕೇಳಿಸುತ್ತದೆ. ಅರವತ್ತು ದಾಟಿದ ಎಷ್ಟೋ ಮಂದಿಗೆ ಎಂಟು ಸಾವಿರದಾಚೆಯದು ಇದ್ದೂ ಇಲ್ಲದಂತೆ. ಒಳಕಿವಿಯಲ್ಲಿ ಶಂಖದಂತೆ ಸುರುಳಿ ಸುತ್ತಿದ ಒಂದು ನಾಳವಿದೆ. ಸಣ್ಣ ದನಿ, ಚೂಪು ದನಿಗಳನ್ನು ಹಿಡಿಯುವ ಸೂಕ್ಷ್ಮ ಕೋಶಗಳು ಅದರ ಬಾಗಿಲಲ್ಲೇ ಇರುತ್ತವೆ. ದಪ್ಪ ದನಿಯನ್ನು ಹಿಡಿಯುವವು ಒಳಗೆ, ಸುರುಳಿಯ ತುದಿಯಲ್ಲಿ. ಹೆಬ್ಬಾಗಿಲ ಹೊಸಿಲು ಸವೆದರೂ ದೇವರ ಮನೆಯ ಹೊಸಿಲು ಉಳಿಯುವ ಹಾಗೆ, ತಳದ ದನಿ ಬಹಳ ಕಾಲ ಉಳಿಯುತ್ತದೆ.

ಹೆಬ್ಬಾಳದಲ್ಲಿ, ಕೆರೆಗೆ ಅಷ್ಟೇನೂ ದೂರವಲ್ಲದ ಬಡಾವಣೆಯೊಂದರಲ್ಲಿ, ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಹುಡುಗರಾಗಿದ್ದಾಗ ಊರಿನ ಭಜನೆ ಮಂದಿರದಲ್ಲಿ ತಾಳ ಹಾಕಿದವರು, ಎರಡು ವರ್ಷ ಮೃದಂಗದ ಪಾಠವನ್ನೂ ಹೇಳಿಸಿಕೊಂಡವರು. ಕೆಲಸ ಸಿಕ್ಕಮೇಲೆ ಮೃದಂಗ ಅಟ್ಟ ಸೇರಿತು. ಕೇಳುವುದು ಮಾತ್ರ ನಿಲ್ಲಲಿಲ್ಲ. ನಿವೃತ್ತಿಯಾದ ಎರಡನೆಯ ವರ್ಷಕ್ಕೆ ಅದೂ ನಿಲ್ಲುವ ಹಂತಕ್ಕೆ ಬಂತು. ತಂಬೂರಿ ನುಡಿಯುತ್ತಿದೆ ಎಂದು ಗೊತ್ತಾಗುತ್ತಿತ್ತು, ಅದರ ಜೀವಾಳ ಮಾತ್ರ ಕೇಳುತ್ತಿರಲಿಲ್ಲ. ಜೀವಾಳವೆಂದರೆ ತಂತಿಯ ಕೆಳಗಿನ ದಾರದೆಳೆ ಎಬ್ಬಿಸುವ ಮೇಲುಮೇಲಿನ ಉಪಸ್ವರಗಳ ಝೇಂಕಾರ. ಅದೇ ಹೋದಮೇಲೆ ಉಳಿದ ತಂಬೂರಿ ಬರೀ ಸೋರೆಬುರುಡೆ. ಹಾಡಿನ ಸಾಹಿತ್ಯದಲ್ಲಿ ಸಕಾರ, ಚಕಾರಗಳು ಕಲಸಿ ಹೋಗುತ್ತಿದ್ದವು. ಕೆರೆಯ ಬದಿಯ ಸಣ್ಣ ಹಕ್ಕಿಗಳು ಬಾಯಿ ತೆರೆಯುತ್ತಿದ್ದವೇ ಹೊರತು ದನಿ ಬರುತ್ತಿರಲಿಲ್ಲ. 2003ರಲ್ಲಿ ತೆರೆದ ಮೇಲ್ಸೇತುವೆಯ ಮೇಲೆ ಲಾರಿಗಳು ಗುಡುಗುವುದು ಮಾತ್ರ ಮೊದಲಿನಷ್ಟೇ ಸ್ಪಷ್ಟವಾಗಿ ಕೇಳುತ್ತಿತ್ತು. ಬೇಡವೆಂದದ್ದನ್ನು ಉಳಿಸಿ, ಬೇಕೆಂದದ್ದನ್ನು ಒಯ್ಯುವುದು ವಯಸ್ಸಿನ ಹಳೆಯ ಚಾಳಿ. ಕಚೇರಿಗಳಿಗೆ ಹೋಗುವುದನ್ನು ಅವರು ಬಿಟ್ಟರು. ಯಾಕೆಂದು ಯಾರಿಗೂ ಹೇಳಲಿಲ್ಲ.

ಅವರ ಮನೆಯಲ್ಲಿ ಹೊರದೇಶದ ಸಂಗೀತಕ್ಕೆ ಹಿಂದೆ ಒಮ್ಮೆ ಬಾಗಿಲು ತೆರೆದಿತ್ತು. 2000ದ ಮಾರ್ಚಿಯಲ್ಲಿ ಏಷ್ಯಾಸ್ಟಾರ್ ಎಂಬ ಉಪಗ್ರಹ ಮೇಲೇರಿತು. ಇಥಿಯೋಪಿಯದಲ್ಲಿ ಹುಟ್ಟಿದ ನೋವಾ ಸಮಾರಾ ಕಟ್ಟಿದ ವರ್ಲ್ಡ್‌ಸ್ಪೇಸ್ ಸಂಸ್ಥೆಯದು ಅದು. ಭಾರತದಲ್ಲಿ ಆ ಸಂಸ್ಥೆಯ ಕೇಂದ್ರ ಕಚೇರಿ ಇದ್ದದ್ದು ಬೆಂಗಳೂರಿನಲ್ಲೇ. ಪುಸ್ತಕದಗಲದ ಚಪ್ಪಟೆ ಆಂಟೆನಾವನ್ನು ಪೂರ್ವಕ್ಕೆ, ತುಸು ದಕ್ಷಿಣಕ್ಕೆ ವಾಲಿಸಿ, ನೆಲದಿಂದ ಸುಮಾರು 55 ಡಿಗ್ರಿ ಎತ್ತಿ ಹಿಡಿದರೆ ಸಾಕು, 36 ಸಾವಿರ ಕಿಲೋಮೀಟರ್ ಎತ್ತರದಿಂದ ಹಾಡು ಇಳಿಯುತ್ತಿತ್ತು. ಜಾಝ್‌ಗೆ ಒಂದು ವಾಹಿನಿ, ಪಾಶ್ಚಾತ್ಯ ಶಾಸ್ತ್ರೀಯಕ್ಕೆ ಒಂದು, ಕರ್ನಾಟಕ ಸಂಗೀತಕ್ಕೆ ಒಂದು, ಕನ್ನಡಕ್ಕೆ ‘ಸ್ಪರ್ಶ’. ನಡುವೆ ಜಾಹೀರಾತಿನ ಕಾಟವಿಲ್ಲ. ಸಂಸ್ಥೆ ದಿವಾಳಿಯಾಗಿ, 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಪ್ರಸಾರ ನಿಂತಿತು. ಊರಿನ ಎಷ್ಟೋ ಮನೆಗಳಲ್ಲಿ ಆ ಆಂಟೆನಾಗಳು ಕಿಟಕಿಯಲ್ಲಿ ಕೂತು ಬಹಳ ದಿನ ಆಕಾಶ ನೋಡುತ್ತಿದ್ದವು.

ಎರಡನೆಯ ಬಾಗಿಲು ತೆರೆದದ್ದು 2020ರ ದಿಗ್ಬಂಧನದಲ್ಲಿ. ಮಾನ್ಯತಾ ಟೆಕ್ ಪಾರ್ಕಿಗೆ ಹೋಗುತ್ತಿದ್ದ ಮಗಳು ಮನೆಯಿಂದಲೇ ಕೆಲಸ ಮಾಡತೊಡಗಿದಳು. ಒಂದು ಸಂಜೆ ತನ್ನ ಹೆಡ್‌ಫೋನನ್ನು ಅಪ್ಪನ ಕಿವಿಗೆ ಇಟ್ಟಳು.

“ಏನಮ್ಮಾ ಇದು? ಪಲ್ಲವಿ ಒಂದೇ, ಮುಂದಕ್ಕೇ ಹೋಗೋದಿಲ್ಲವಲ್ಲ. ಒಂದು ಮಾತೂ ತಿಳಿಯೋದಿಲ್ಲ.”

“ಮಾತು ಬಿಡಿ ಅಪ್ಪ. ಕೆಳಗಡೆ ಏನು ನಡೀತಿದೆ ಅದನ್ನ ಕೇಳಿ.”

ಅದು ಜೇಮ್ಸ್ ಬ್ರೌನ್. ಕೆಳಗಡೆ ನಡೆಯುತ್ತಿದ್ದುದು ಬೇಸ್ ಗಿಟಾರು. ಅದರ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಫಂಕ್ ಎಂಬ ಸಂಗೀತದ ಜೀವ ಅಡಗಿರುವುದು ಅಲ್ಲಿ. ಇದು 1960, 70ರ ದಶಕಗಳಲ್ಲಿ ಇಲ್ಲಿಯವರ ಕಿವಿಗೆ ಏಕೆ ಹತ್ತಲಿಲ್ಲ ಎಂಬುದಕ್ಕೆ ರುಚಿಭೇದವನ್ನೋ ಸಂಸ್ಕೃತಿಯನ್ನೋ ಕಾರಣ ಕೊಡುವವರಿದ್ದಾರೆ. ಅದಕ್ಕಿಂತ ಸರಳವಾದ ಕಾರಣ ಒಂದಿದೆ. ಆಗ ಸಂಗೀತ ಬರುತ್ತಿದ್ದುದು ಟ್ರಾನ್ಸಿಸ್ಟರಿನಿಂದ. ಅದರ ಅಂಗೈಯಗಲದ ಸ್ಪೀಕರು 41 ಕಂಪನದ ದನಿಯನ್ನು ಹೊರಡಿಸಲಾರದು. ಗಾಳಿಯನ್ನು ಅಷ್ಟು ನಿಧಾನವಾಗಿ, ಅಷ್ಟು ದೊಡ್ಡ ಪ್ರಮಾಣದಲ್ಲಿ ತಳ್ಳಲು ಅಗಲವಾದ ಕಾಗದದ ಬುಟ್ಟಿ ಬೇಕು. ಮೂಲ ದನಿ ಇಲ್ಲದಿದ್ದರೂ ಅದರ ಉಪಸ್ವರಗಳಿಂದ ಕಿವಿ ಅದನ್ನು ಊಹಿಸಿಕೊಳ್ಳುತ್ತದೆ, ನಿಜ. ಆದರೆ ಊಹೆಯ ಊಟಕ್ಕೆ ಹೊಟ್ಟೆ ತುಂಬದು. ಎದೆಗೆ ಬಂದು ಬಡಿಯಬೇಕಾದ್ದು ಬಡಿಯಲಿಲ್ಲ. ಬಿಇಎಲ್ ಕಾರ್ಖಾನೆ 1960ರ ದಶಕದ ಆರಂಭದಲ್ಲೇ ರೇಡಿಯೋ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸತೊಡಗಿತ್ತು. ಅದೇ ಕಾರ್ಖಾನೆಯಲ್ಲಿ ಜೀವನ ಸವೆಸಿದವರು ಫಂಕ್ ಎಂಬುದನ್ನು ಸರಿಯಾಗಿ ಕೇಳಲು ನಿವೃತ್ತಿಯವರೆಗೆ ಕಾಯಬೇಕಾಯಿತು.

ಮೃದಂಗ ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ. ಮೃದಂಗದ ಬಲಂತಲೆಯಲ್ಲಿ ಕಪ್ಪು ಕರಣೆ. ಎಡಂತಲೆಗೆ ನುಡಿಸುವ ಮೊದಲು ರವೆ ಕಲಸಿ ಮೆತ್ತುತ್ತಾರೆ. ಉಪ್ಪಿಟ್ಟಿನ ರವೆಯೇ. ಚರ್ಮದ ತೂಕ ಹೆಚ್ಚಿ ಕಂಪನ ಇಳಿಯುತ್ತದೆ, ಗುಂ ಎಂಬ ನಾದ ಹೊರಡುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮೃದಂಗ ಕೇಳಿದರೆ ಬಲಗೈಯ ಚಟಚಟ ಮಾತ್ರ ಬರುತ್ತದೆ, ಎಡಗೈಗೆ ರಜೆ. ಹಾಗೆ ಕೇಳಿದವನು ಮೃದಂಗ ಕೇಳಿದ ಹಾಗಲ್ಲ.

ಹಿರಿಯರ ಕೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. ಜೇಮ್ಸ್ ಬ್ರೌನ್ ತನ್ನ ವಾದ್ಯಗಾರರಿಗೆ ವಿಧಿಸಿದ್ದ ಕಟ್ಟಳೆ ಒಂದೇ: ನಾಲ್ಕರ ಆವರ್ತದಲ್ಲಿ ಮೊದಲನೆಯ ಪೆಟ್ಟು ಎಲ್ಲರದೂ ಒಟ್ಟಿಗೆ ಬೀಳಬೇಕು. ಆಮೇಲೆ ಗಿಟಾರು, ತುತ್ತೂರಿ, ಡ್ರಮ್ಮುಗಳು ಪೆಟ್ಟಿನ ಸಂದಿಗೊಂದಿಗಳಲ್ಲಿ ಎಲ್ಲಿ ಬೇಕಾದರೂ ಆಡಬಹುದು, ಮರಳಿ ಒಂದಕ್ಕೆ ಬಂದರಾಯಿತು. ಆ ಒಂದನ್ನು ಇಲ್ಲಿಯವರು ‘ಸಮ’ ಎನ್ನುತ್ತಾರೆ. ಎರಡೂ ಒಂದೇ ಎಂದು ಹಾರಿಬಿಡುವುದು ತಪ್ಪು. ಕರ್ನಾಟಕ ಸಂಗೀತದಲ್ಲಿ ಸಮದಿಂದ ದೂರ ಹೋಗಿ, ಲೆಕ್ಕ ಬೆಳೆಸಿ, ಮುಕ್ತಾಯ ಕಟ್ಟಿಕೊಂಡು ಬಂದು ಇಳಿಯುವುದರಲ್ಲಿ ಸೊಗಸಿದೆ. ಫಂಕ್‌ನವರು ಎಲ್ಲಿಗೂ ಹೋಗುವುದಿಲ್ಲ. ಇದ್ದಲ್ಲೇ ಹತ್ತು ನಿಮಿಷ ಇದ್ದು, ಇರುವುದನ್ನೇ ಇನ್ನಷ್ಟು ಬಿಗಿ ಮಾಡುತ್ತಾರೆ. ಕಚೇರಿಯಷ್ಟೇ ಕೇಳಿದವರಿಗೆ ಇದು ಬೇಸರ ತರಿಸೀತು. ಏಕಾದಶಿಯ ರಾತ್ರಿ ಭಜನೆಗೆ ಕೂತವರಿಗೆ ತರಿಸದು.

ಬ್ರೌನ್ ತಂಡದ ಡ್ರಮ್ ವಾದಕ ಕ್ಲೈಡ್ ಸ್ಟಬಲ್‌ಫೀಲ್ಡನ ಕಥೆಯನ್ನು ಇಲ್ಲಿ ಹೇಳಲೇಬೇಕು. 1970ರಲ್ಲಿ ಬಂದ ‘ಫಂಕಿ ಡ್ರಮ್ಮರ್’ನಲ್ಲಿ ಉಳಿದವರೆಲ್ಲ ಸುಮ್ಮನಾಗಿ ಅವನೊಬ್ಬನೇ ಇಪ್ಪತ್ತು ಸೆಕೆಂಡಿನಷ್ಟು ಬಾರಿಸುತ್ತಾನೆ. ಮುಂದೆ ಆ ತುಣುಕನ್ನು ಕತ್ತರಿಸಿ ಅಂಟಿಸಿಕೊಂಡ ಹಾಡುಗಳು ಸಾವಿರಕ್ಕೂ ಹೆಚ್ಚು. ಕೃತಿಯ ಮೇಲೆ ಅವನ ಹೆಸರಿರಲಿಲ್ಲವಾದ್ದರಿಂದ ಹಕ್ಕುದಾರಿಕೆಯ ಹಣದಲ್ಲಿ ಅವನಿಗೆ ಪಾಲು ಸಿಗಲಿಲ್ಲ. 2017ರಲ್ಲಿ ತೀರಿಕೊಂಡ. ಪಕ್ಕವಾದ್ಯದವರ ಹಣೆಬರಹ ಎಲ್ಲ ಊರಿನಲ್ಲೂ ಒಂದೇ ಲಿಪಿಯಲ್ಲಿದೆ.

ಫಂಕ್‌ನ ಹಿಂದೆಯೇ ಸೋಲ್ ಬಂತು. ಚರ್ಚಿನ ಹಾಡಿನ ಧಾಟಿಯನ್ನು ಲೌಕಿಕ ಪ್ರೇಮಕ್ಕೆ, ಲೌಕಿಕ ನೋವಿಗೆ ತಿರುಗಿಸಿಕೊಂಡದ್ದು ಅದು. ಅರೀಥಾ ಫ್ರಾಂಕ್ಲಿನ್ ಬ್ಯಾಪ್ಟಿಸ್ಟ್ ಪಾದ್ರಿಯ ಮಗಳು. ಜಗತ್ತೆಲ್ಲ ಹಾಡಿ ಹೆಸರಾದಮೇಲೆ 1972ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲಿ ಎರಡು ರಾತ್ರಿ ದೇವರ ಹಾಡನ್ನೇ ಹಾಡಿದಳು. ‘ಅಮೇಝಿಂಗ್ ಗ್ರೇಸ್’ ಎಂಬ ಆ ಆಲ್ಬಂ ಅದೇ ವರ್ಷ ಹೊರಬಂತು. ಆ ರಾತ್ರಿಗಳನ್ನು ಚಿತ್ರೀಕರಿಸಿದ್ದರು ಕೂಡ. ಆದರೆ ಪ್ರತಿ ದೃಶ್ಯದ ಮೊದಲು ಹಲಗೆ ಬಡಿಯುವುದನ್ನು ಯಾರೂ ನೆನಪಿಡಲಿಲ್ಲ. ಆ ಹಲಗೆಯ ಟಪ್ ಎಂಬ ಸದ್ದೇ ಚಿತ್ರಕ್ಕೂ ಧ್ವನಿಗೂ ಗಂಟು ಹಾಕುವುದು. ಗಂಟಿಲ್ಲದೆ ಗಂಟೆಗಟ್ಟಲೆ ಚಿತ್ರ ಒಂದೆಡೆ, ಹಾಡು ಒಂದೆಡೆ ಉಳಿದವು. ಕಂಪ್ಯೂಟರುಗಳ ನೆರವಿನಿಂದ ಎರಡನ್ನೂ ಸೇರಿಸಿ ಚಿತ್ರ ತೆರೆಗೆ ಬಂದದ್ದು 2018ರಲ್ಲಿ, ಅರೀಥಾ ತೀರಿಕೊಂಡ ವರ್ಷ. ಹೆಬ್ಬಾಳದ ಮನೆಯಲ್ಲಿ ಆ ಆಲ್ಬಂ ಮುಗಿದಾಗ ಹಿರಿಯರು ಕೇಳಿದ್ದು ಒಂದೇ ಮಾತು: “ಇದು ಇಷ್ಟು ದಿನ ಎಲ್ಲಿತ್ತಮ್ಮಾ?”

ಅಲ್ಲಿಂದ ಆಫ್ರಿಕಕ್ಕೆ ದಾರಿ ದೂರವಲ್ಲ. ನೈಜೀರಿಯದ ಫೆಲಾ ಕುಟಿ ಫಂಕನ್ನು ತನ್ನ ಯೊರುಬಾ ಲಯಗಳಿಗೆ ಬೆಸೆದವನು. ಅವನ ಒಂದೊಂದು ಹಾಡು ತಟ್ಟೆಯ ಒಂದಿಡೀ ಮಗ್ಗುಲು. ಇಥಿಯೋಪಿಯದ ಹಳೆಯ ಧ್ವನಿಮುದ್ರಣಗಳನ್ನು ಫ್ರಾನ್ಸಿನ ಕಂಪನಿಯೊಂದು 1997ರಿಂದ ‘ಎಥಿಯೋಪೀಕ್ಸ್’ ಎಂಬ ಮಾಲೆಯಾಗಿ ಹೊರತಂದಿತು. ಅಲ್ಲಿಯ ‘ತಿಝಿತಾ’ ಎಂಬ ಸ್ವರಮೇಳದ ಒಂದು ಬಗೆಯಲ್ಲಿ ಐದೇ ಸ್ವರ: ಸ ರಿ ಗ ಪ ದ. ಹಿರಿಯರು ಹೆಡ್‌ಫೋನ್ ತೆಗೆದು, “ಮೋಹನ ಕಣಮ್ಮಾ ಇದು” ಎಂದರಂತೆ. ಸ್ವರಗಳು ಮೋಹನದ್ದೇ. ಗಮಕ, ನಡೆ, ನೋವು ಬೇರೆ. ‘ತಿಝಿತಾ’ ಎಂದರೆ ಆ ಭಾಷೆಯಲ್ಲಿ ನೆನಪು.

ಇದನ್ನೆಲ್ಲ ಅಂಗಡಿಯಲ್ಲಿ ‘ವರ್ಲ್ಡ್ ಮ್ಯೂಸಿಕ್’ ಎಂಬ ಚೀಟಿಯ ಕೆಳಗೆ ಇಡುತ್ತಿದ್ದರು. ಆ ಚೀಟಿ ಹುಟ್ಟಿದ್ದು 1987ರಲ್ಲಿ, ಲಂಡನ್ನಿನ ಒಂದು ಪಾನಗೃಹದಲ್ಲಿ. ಸಣ್ಣ ಧ್ವನಿಮುದ್ರಣ ಸಂಸ್ಥೆಗಳವರು ಸೇರಿ, ತಮ್ಮ ಮಾಲನ್ನು ಅಂಗಡಿಯವನು ಯಾವ ಅರೆಯಲ್ಲಿಡಬೇಕು ಎಂಬ ಪ್ರಶ್ನೆಗೆ ಕಂಡುಕೊಂಡ ಉತ್ತರ. ಲಂಡನ್ನಿನವರಿಗೆ ಲಂಡನ್ನು ಬಿಟ್ಟದ್ದೆಲ್ಲ ಜಗತ್ತು! ಗ್ರ್ಯಾಮಿಯವರಿಗೂ ಇದು ಸರಿಯಲ್ಲ ಎನ್ನಿಸಿ 2020ರಲ್ಲಿ ತಮ್ಮ ಪ್ರಶಸ್ತಿಯ ಹೆಸರು ಬದಲಿಸಿದರು.

ಆ ಅರೆಯನ್ನು ತಡಕುತ್ತಿದ್ದಾಗಲೇ ಸಿಕ್ಕಿದ್ದು ‘ಜ್ಯೋತಿ’. ಜರ್ಮನಿಯ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದ ಆಲ್ಬಂ. ಮುಖಪುಟದ ಮೇಲೆ ಎರಡು ಹೆಸರು: ಚಾರ್ಲಿ ಮಾರಿಯಾನೊ, ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮಾರಿಯಾನೊ ಅಮೆರಿಕದ ಬಾಸ್ಟನ್ನಿನವರು. ಚಾರ್ಲ್ಸ್ ಮಿಂಗಸ್‌ನಂಥ ಘಟಾನುಘಟಿಗಳ ಜೊತೆ ಸ್ಯಾಕ್ಸೊಫೋನ್ ನುಡಿಸಿದವರು, ಮಲೇಷ್ಯದಲ್ಲಿದ್ದಾಗ ನಾಗಸ್ವರದ ಮೋಡಿಗೆ ಬಿದ್ದು ಕಲಿತವರು. ಇನ್ನು ಆ ಕಾಲೇಜು? ಅದು ಬೆಂಗಳೂರಿನದೇ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ್ದು. ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾದ ವರ್ಷವೂ ಅದೇ. ‘ಜ್ಯೋತಿ’ಯಲ್ಲಿ ಹಾಡಿದವರು ಆರ್.ಎ. ರಮಾಮಣಿ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ, ಮೋರ್ಚಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಡ್ರಮ್ ಇಲ್ಲ, ಬೇಸ್ ಗಿಟಾರ್ ಇಲ್ಲ. ತಳದ ದನಿಯೆಲ್ಲ ಎಡಂತಲೆಯದು, ಘಟದ್ದು.

ಇದೊಂದೇ ಅಲ್ಲ. 1978–79ರಲ್ಲಿ ಎಂಬ್ರಿಯೊ ಎಂಬ ಜರ್ಮನ್ ತಂಡ ಬಸ್ಸೊಂದರಲ್ಲಿ ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂತು. ಮಣಿಯವರ ತಂಡದೊಂದಿಗೆ ಅವರು ಮಾಡಿದ ‘ಲೈಫ್’ 1980ರಲ್ಲಿ ಬಂತು. ಎಂಬ್ರಿಯೊದಿಂದ ಒಡೆದ ಡಿಸಿಡೆಂಟನ್ ತಂಡದ ಜೊತೆ ‘ಜರ್ಮನಿಸ್ತಾನ್’ 1982ರಲ್ಲಿ. ಲಂಡನ್ನಿನ ಪಾನಗೃಹದವರು ಹೆಸರು ಹುಡುಕಿದ್ದು ಇದಾಗಿ ಐದು ವರ್ಷಕ್ಕೆ. ಅಷ್ಟರಲ್ಲಿ ಬೆಂಗಳೂರಿನ ಕೊನ್ನಕ್ಕೋಲು ಯೂರೋಪಿನ ವೇದಿಕೆಗಳ ಮೇಲೆ ಕೇಳಿಯಾಗಿತ್ತು. ಇದೇ ಬೆಂಗಳೂರು 2003ರಲ್ಲಿ ಅರಮನೆ ಮೈದಾನಕ್ಕೆ ರೋಲಿಂಗ್ ಸ್ಟೋನ್ಸ್ ಬಂದಾಗ ಸಡಗರಪಟ್ಟಿತು. ರಾಕ್ ಸಂಗೀತದ ರಾಜಧಾನಿ ಎಂಬ ಬಿರುದನ್ನು ಸಂತೋಷವಾಗಿ ಹೊತ್ತುಕೊಂಡಿತು. ಮೇಖ್ರಿ ವೃತ್ತದಲ್ಲಿ ನಿಂತು ಆವತ್ತು ‘ಜ್ಯೋತಿ’ಯ ಹೆಸರು ಕೇಳಿದ್ದರೆ ದೀಪದ ಎಣ್ಣೆಯ ಅಂಗಡಿಗೆ ದಾರಿ ತೋರಿಸುವವರೇ ಹೆಚ್ಚು. ಇಸಿಎಂ ತನ್ನ ಸಂಗ್ರಹವನ್ನು ಅಂತರಜಾಲದ ಹಾಡಿನ ತಾಣಗಳಿಗೆ ಬಿಟ್ಟದ್ದು 2017ರ ನವೆಂಬರಿನಲ್ಲಿ. ಊರಿನವರು ನುಡಿಸಿದ್ದು ಊರಿಗೆ ಹೀಗೆ ತಲುಪಲು 34 ವರ್ಷ ಹಿಡಿಯಿತು. ಮಾರಿಯಾನೊ ಅಷ್ಟರಲ್ಲಿ, 2009ರಲ್ಲಿ, ತೀರಿಕೊಂಡಾಗಿತ್ತು.

ರಮಾಮಣಿಯವರ ದನಿಯ ಹಿಂದಿನ ತಂಬೂರಿ ಹಿರಿಯರಿಗೆ ಈಗಲೂ ಪೂರ್ತಿ ಕೇಳುವುದಿಲ್ಲ. ಅದನ್ನು ಕೇಳಿಸಿಕೊಂಡು ಹೇಳುವ ಕೆಲಸ ಮಗಳದ್ದು. ಅವಳಿಗೆ ಹಿಡಿಯದ ತಾಳದ ಲೆಕ್ಕವನ್ನು ಬೆರಳು ಮಡಿಸಿ ತೋರಿಸುವ ಕೆಲಸ ಅಪ್ಪನದು. ಕಚೇರಿ ಬಿಟ್ಟದ್ದೇಕೆಂದು ಅವರು ಮಗಳಿಗೆ ಹೇಳಿದ್ದು ಈ ಕೂಟಗಳಲ್ಲೊಂದರಲ್ಲಿ, ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ. ಆ ವಾರ ಕಿವಿಯ ವೈದ್ಯರಲ್ಲಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಕೈಗೆ ಸಿಕ್ಕ ಹಾಳೆಯಲ್ಲಿ ಗೆರೆ ಎಡಗಡೆ ಸಮತಟ್ಟಾಗಿತ್ತು, ಬಲಗಡೆಗೆ ಹೋಗುತ್ತ ನಂದಿಬೆಟ್ಟದಿಂದ ಇಳಿಯುವಂತೆ ಇಳಿದಿತ್ತು.

ಹೆಡ್‌ಫೋನಿನ ಕಾಲ ಮುಗಿದು ಈಗ ಮನೆಗೆ ಹತ್ತಂಗುಲದ ಸ್ಪೀಕರಿನ ಪೆಟ್ಟಿಗೆ ಬಂದಿದೆ. ದಪ್ಪ ದನಿಯ ಅಲೆ ಬಲು ಉದ್ದ. 41 ಕಂಪನದ್ದು ಎಂಟು ಮೀಟರಿಗೂ ಮೀರುತ್ತದೆ. ಇಟ್ಟಿಗೆಯ ಗೋಡೆ ಅದನ್ನು ತಡೆಯುವುದು ಅಷ್ಟಕ್ಕಷ್ಟೆ. ಕಳೆದ ವಾರ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿದರು. “ಸಾರ್, ಏನಂದ್ಕೋಬೇಡಿ, ನಮ್ಮ ಅಡುಗೆಮನೇಲಿ ಸ್ಟೀಲ್ ಡಬ್ಬ ಎಲ್ಲ ಅದುರುತ್ತೆ.” ಹಿರಿಯರು ದನಿ ತಗ್ಗಿಸಿದರು. ಬಂದವರು ಹೊರಡಲಿಲ್ಲ. ಬಾಗಿಲಲ್ಲೇ ನಿಂತು, “ಅಲ್ಲ, ಯಾವುದದು?” ಎಂದರು.